ವಹ್ಬಾ ರೊಟ್ಟಿ ಸುಡದ ಭಾನುವಾರ

ನಮ್ಮೂರ ಇಗರ್ಜಿಯ ಪೂಜೆಗೆ ಮೂವತ್ತೊಂದು ವರ್ಷ ರೊಟ್ಟಿ ಸುಟ್ಟವನು ನಮ್ಮ ಪಕ್ಕದ ಮನೆಯ ವಹ್ಬಾ. ಭಾನುವಾರ ಬೆಳಗ್ಗೆ ಉಪವಾಸವಿದ್ದು, ಕೀರ್ತನೆ ಹೇಳುತ್ತ ಹಿಟ್ಟು ನಾದಿ, ಶಿಲುಬೆಯ ಮರದಚ್ಚು ಒತ್ತಿ ಸುಡುತ್ತಿದ್ದ. ಎದುರು ಮಾತಾಡಿ ಗೊತ್ತಿಲ್ಲದ ಮನುಷ್ಯ.

ಅವನ ಒಬ್ಬಳೇ ಮಗಳು ದಿಮ್ಯಾನಾ ನೈಲ್ ಕಾಲುವೆಗೆ ಪಾತ್ರೆ ತೊಳೆಯಲು ಹೋಗಿ, ಜಾರಿಬಿದ್ದು ಸತ್ತಳು. ಹೆಣ ಹೊತ್ತು ತಂದರೆ ನಾವೆಲ್ಲ ಅಬೂನಾ, ಅಂದರೆ ತಂದೆ, ಎಂದು ಕರೆಯುವ ಪಾದ್ರಿ ಸರಬಾಮೋನ್ ಇಗರ್ಜಿಯ ಬಾಗಿಲಿಗೆ ಅಡ್ಡ ನಿಂತ.

"ತಾನಾಗೇ ಹಾರಿದವಳಿಗೆ ಪ್ರಾರ್ಥನೆ ಇಲ್ಲ."

"ಜಾರಿದ್ದು ಅಬೂನಾ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದ ವಹ್ಬಾ.

"ನೀನು ನೋಡಿದ್ಯಾ?"

"ನೀವು ನೋಡಿದ್ರಾ?" ಎಂದು ನಾನು ಕಿರುಚಿದೆ. ಅವನ ನಾಲಿಗೆಗೆ ಹುಳ ಬೀಳ! ಮಗುವನ್ನು ಒಂದು ಮಾತಿನ ಪ್ರಾರ್ಥನೆಯೂ ಇಲ್ಲದೆ ಹೂತೆವು.

ಮುಂದಿನ ಭಾನುವಾರ ಪಾದ್ರಿ ರೊಟ್ಟಿಯ ಬುಟ್ಟಿಯ ಬಟ್ಟೆ ಎತ್ತಿದರೆ ಬುಟ್ಟಿ ಖಾಲಿ.

"ರೊಟ್ಟಿ ಎಲ್ಲೋ?"

"ಕೈ ಬರ್ಲಿಲ್ಲ ಅಬೂನಾ. ನನ್ನ ಮಗಳಿಗೊಂದು ಪ್ರಾರ್ಥನೆ ಹೇಳಿ, ಈಗ್ಲೇ ಸುಡ್ತೀನಿ."

"ನನಗೇ ಷರತ್ತು ಹಾಕ್ತೀಯಾ? ತೊಲಗಾಚೆ!"

"ತೊಲಗಬೇಕಾದವ್ರು ನೀವು!" ಎಂದು ಊರಿಗೆ ಊರೇ ಎದ್ದಿತು. ರೊಟ್ಟಿಯಿಲ್ಲದೆ ಪೂಜೆಯಿಲ್ಲ. ಆಮೇಲೆ ಐದು ವಾರ ಊರಿನ ಒಂದು ಒಲೆಯೂ ಆ ಪಾದ್ರಿಗಾಗಿ ಹೊತ್ತಲಿಲ್ಲ, ಒಬ್ಬ ಹೆಂಗಸೂ ಅವನ ಕೈಗೆ ಮುತ್ತಿಡಲಿಲ್ಲ. ಕೊನೆಗೆ ಪಟ್ಟಣದಿಂದ ಬಿಷಪ್ಪರು ಬಂದು ಅವನನ್ನು ಕೆಲಸದಿಂದ ತೆಗೆದರು. ನಾವು ಹೆಂಗಸರು ಮದುವೆಮನೆಯ ಹಾಗೆ ಕೇಕೆ ಹಾಕಿದೆವು.

ಆ ಗದ್ದಲದಲ್ಲಿ ವಹ್ಬಾ ಮುಂದೆ ಬಂದ. "ಸ್ವಾಮೀ, ನನ್ನ ಮಗಳ ಪ್ರಾರ್ಥನೆ?"

"ನಿಮಗೆ ಬೇಕಾದ್ದು ಆಯ್ತಲ್ಲಪ್ಪಾ. ಹಳೇದನ್ನ ಕೆದಕಬೇಡ," ಎಂದು ಬಿಷಪ್ಪರು ಕಾರು ಹತ್ತಿದರು.

ಗಂಟಲು ಹರಿಯುವಂತೆ ಕೂಗಿದ್ದ ಗಂಡಸರೆಲ್ಲ ಈಗ ನೆಲ ನೋಡುತ್ತಿದ್ದರು. ಒಬ್ಬ ಅವನ ಬೆನ್ನು ತಟ್ಟಿ, "ಬಿಡೋ ವಹ್ಬಾ, ಗೆದ್ವಲ್ಲ," ಅಂದ. ಎಂಥ ನಾಚಿಕೆಗೆಟ್ಟ ಜನ ನಾವು!

ಮರುವಾರ ಹೊಸ ಪಾದ್ರಿ ಬಂದ, ಪಕ್ಕದೂರಿನಿಂದ ರೊಟ್ಟಿಯೂ ಬಂತು. ವಹ್ಬಾ ಒಬ್ಬನನ್ನು ಬಿಟ್ಟು ಎಲ್ಲರೂ ಪೂಜೆಯ ಸಾಲಿನಲ್ಲಿ ನಿಂತು ತಿಂದರು. ನಾನೂ ತಿಂದೆ, ಥೂ ನನ್ನ ಜನ್ಮಕ್ಕೆ.

ಮಧ್ಯಾಹ್ನ ಸ್ಮಶಾನಕ್ಕೆ ಹೋದೆ. ವಹ್ಬಾ ಮಗಳ ಗೋರಿಗೆ ಮಣ್ಣು ಮೆತ್ತಿ, ಆ ಹಸಿಮಣ್ಣಿನ ಮೇಲೆ ರೊಟ್ಟಿಯ ಅಚ್ಚು ಒತ್ತುತ್ತಿದ್ದ. ಹಿಟ್ಟು ನಾದುವಾಗ ಹೇಳುತ್ತಿದ್ದ ಅದೇ ಕೀರ್ತನೆ ಬಾಯಲ್ಲಿತ್ತು. ನಾನು ಪಕ್ಕದಲ್ಲಿ ಕೂತು ದನಿಗೂಡಿಸಿದೆ.

ಅವನು ನಿಲ್ಲಿಸಿದ.

"ನೀನು ಬೇಡಕ್ಕಾ," ಅಂದ. "ನೀನು ತಿಂದು ಬಂದಿದ್ದೀಯ."