ಅಪ್ಪ ಕೆಲಸಕ್ಕೆ ಹೋಗುವ ಹೊತ್ತು

ಮೊದಲು ಒಂದು ಕನ್ಫೆಶನ್. ಈಚಿನ ದಿನಗಳಲ್ಲಿ ನಾನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದ ಸಾಹಿತ್ಯವೆಂದರೆ, ಎರಡನೇ ಇಯತ್ತೆಯ ಹುಡುಗಿಯೊಬ್ಬಳ ಸ್ಕೂಲ್ ಡೈರಿಗೆ ಅಂಟಿಸಿದ್ದ ಒಂದು ಝೆರಾಕ್ಸ್ ಹಾಳೆ. ‘ಹೋಮ್‌ವರ್ಕ್ ಎಕ್ಸ್‌ಪೆಕ್ಟೇಶನ್ಸ್ ಅಂಡ್ ಲರ್ನಿಂಗ್ ಗೋಲ್ಸ್’ ಎಂದು ಅದರ ತಲೆಬರಹ. ಏಳು ವರ್ಷದ ಮಗುವಿಗೆ ಗೋಲ್! ನನಗೆ ಎಪ್ಪತ್ತೆರಡು ನಡೆಯುತ್ತಿದೆ. ಇವತ್ತು ಮಧ್ಯಾಹ್ನ ಊಟಕ್ಕೆ ಏನು ಎಂಬುದರ ಆಚೆಗೆ ನನಗೊಂದು ಗೋಲ್ ಇದ್ದ ನೆನಪಿಲ್ಲ.

ಹಾಳೆಯ ಪ್ರತಿ ಸಾಲಿನ ಮುಂದೆ ಮೂರು ಚೌಕಗಳು. ಅಚೀವ್ಡ್, ಇನ್ ಪ್ರೋಗ್ರೆಸ್, ನಾಟ್ ಅಚೀವ್ಡ್. ಓದುತ್ತ ಓದುತ್ತ ನನಗೆ ನಾನೇ ಮಾರ್ಕು ಹಾಕಿಕೊಳ್ಳತೊಡಗಿದೆ. ‘ಇತರರು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುತ್ತದೆ’ — ನನ್ನ ಯಜಮಾನರು ಬದುಕಿದ್ದರೆ ಆ ಚೌಕವನ್ನು ಅವರೇ ತುಂಬುತ್ತಿದ್ದರು. ‘ತನ್ನ ವಸ್ತುಗಳನ್ನು ಅವುಗಳ ಜಾಗದಲ್ಲಿಡುತ್ತದೆ’ — ಈ ಸಾಲನ್ನು ಓದುವ ಮುನ್ನ ಕನ್ನಡಕ ಹುಡುಕಲು ಹತ್ತು ಮಿನಿಟು ಹಿಡಿದಿತ್ತು. ‘ಕೈಬರಹ ಅಂದವಾಗಿದೆ’ — ಅಚೀವ್ಡ್, ವಿತ್ ಡಿಸ್ಟಿಂಕ್ಷನ್! ಅದೊಂದಕ್ಕೆ ಮಾತ್ರ ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಸ್ವರ್ಗದಿಂದಲೇ ಸಹಿ ಹಾಕಿಯಾರು. ಹಾಳೆಯ ಕೊನೆಗೆ ಪಾಲಕರಿಗೆ ಒಂದು ಮಾತು: ದಿನಕ್ಕೆ ಇಪ್ಪತ್ತು ಮಿನಿಟು ಸಾಕು, ಮಗು ತಾನೇ ಬರೆಯಲಿ, ನೀವು ಸಹಿ ಮಾತ್ರ ಮಾಡಿ. ಈ ಸಾಲು ಎಷ್ಟು ವಿವೇಕದ್ದು ಎಂಬುದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಡೈರಿ ನನ್ನ ಕೈಗೆ ಬಂದದ್ದು ಮೀನಿನ ಬುಟ್ಟಿಯ ಜೊತೆ. ನಮ್ಮ ಕೋಡಿಬಾಗದ ಮನೆಗೆ ಹತ್ತು ವರ್ಷದಿಂದ ಮೀನು ಕೊಡುವವಳು ಸುಜಾತಾ. ಗಂಡ ಗಣಪತಿಗೆ ಸಣ್ಣದೊಂದು ದೋಣಿ ಇದೆ. ಕಾಳಿ ಹೊಳೆ ಸಮುದ್ರ ಸೇರುವ ಅಳಿವೆ ದಾಟಿ, ದೇವಬಾಗದ ಆಚೆಗೆ ಬಲೆ ಬಿಡುತ್ತಾನೆ. ಇಬ್ಬರು ಹೆಣ್ಣುಮಕ್ಕಳನ್ನೂ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದಾರೆ. ದೊಡ್ಡವಳು ಶಿಲ್ಪಾ ಸೆಕೆಂಡಿನಲ್ಲಿ, ಚಿಕ್ಕವಳು ಫಸ್ಟಿನಲ್ಲಿ. ಸುಜಾತಾ ಕನ್ನಡ ಓದಬಲ್ಲಳು, ಇಂಗ್ಲಿಷ್ ಬಾರದು. ಚವತಿ ಕಳೆದ ಮರುವಾರ, ನೋಗಲಿ ಮೀನನ್ನು ಮೊರಕ್ಕೆ ಹಾಕುತ್ತ ಅವಳು ಹೇಳಿದಳು, “ಬಾಯಿಯೋರೆ, ಸಂಜೆಗೆ ಒಂದ್ ತಾಸು ಹುಡುಗೀನ ಕೂರಿಸ್ಕಳ್ಳಿ. ನೀವು ಇಂಗ್ಲಿಷಲ್ಲಿ ಬೈದ್ರೂ ಸಾಕು, ಅದ್ಕೆ ವಿದ್ಯೆ ಹತ್ತದೆ.”

ಇಂಥ ಆಮಂತ್ರಣ ಯಾರಿಗೆ ಬೇಡ? ನಾನು ಅಂಕೋಲೆಯಲ್ಲಿ ಹುಟ್ಟಿದವಳಾದರೂ ಏಳನೇ ವಯಸ್ಸಿಗೇ ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗ್ ಸೇರಿದವಳು. ಅಲ್ಲಿ ಹೋಮ್ ಇರಲಿಲ್ಲ, ಹೋಮ್‌ವರ್ಕ್ ಮಾತ್ರ ಇತ್ತು. ಬೆಲ್ ಹೊಡೆದರೆ ಏಳುವುದು, ಬೆಲ್ ಹೊಡೆದರೆ ಪ್ರಾರ್ಥನೆ, ಬೆಲ್ ಹೊಡೆದರೆ ಹಸಿವು. ರಜೆಗೆ ಅಂಕೋಲೆಗೆ ಬಂದಾಗ ಬೆಲ್ಲೇ ಇಲ್ಲದೆ ಹಸಿವೆಯಾಗುವುದನ್ನು ಕಂಡು ನನಗೇ ಸೋಜಿಗವಾಗುತ್ತಿತ್ತು. ಇಂದಿಗೂ ಬೆಳಿಗ್ಗೆ ಕೈಗಾಕ್ಕೆ ಹೋಗುವ ಕಂಪನಿ ಬಸ್ಸು ರಸ್ತೆಯಲ್ಲಿ ಹಾರ್ನ್ ಮಾಡಿದ ಮೇಲೆಯೇ ನನ್ನ ಎರಡನೇ ಚಹಾ. ಪಂಕ್ಚುಯಾಲಿಟಿ ಅನ್ನುವುದು ನನ್ನ ಮಟ್ಟಿಗೆ ಗುಣವಲ್ಲ, ಧರ್ಮ. ಅದಕ್ಕೇ ಸುಜಾತಾ ಒಂದು ದಿನ ಹತ್ತಕ್ಕೆ, ಒಂದು ದಿನ ಒಂದಕ್ಕೆ, ಇನ್ನೊಂದು ದಿನ ನಾನು ಮಲಗೆದ್ದ ಮೇಲೆ ಮೀನು ತಂದಾಗಲೆಲ್ಲ, “ನಿನಗೆ ಟೈಮ್ ಸೆನ್ಸೇ ಇಲ್ಲ ಕಣೇ” ಎಂದು ಹತ್ತು ವರ್ಷದಿಂದ ಹೇಳುತ್ತ ಬಂದಿದ್ದೆ. ಅವಳೂ ಹತ್ತು ವರ್ಷದಿಂದ ನಗುತ್ತ ಬಂದಿದ್ದಳು.

ಆ ತಿಂಗಳ ಗೋಲ್ ಗಡಿಯಾರ. ‘ಮಗು ಅರ್ಧ ತಾಸಿನವರೆಗೆ ಸಮಯ ಓದುತ್ತದೆ, ದಿನದ ಕೆಲಸಗಳು ನಿಯಮಿತ ಹೊತ್ತಿಗೆ ನಡೆಯುತ್ತವೆ ಎಂದು ತಿಳಿಯುತ್ತದೆ.’ ಹೋಮ್‌ವರ್ಕಿಗೆ ‘ಮೈ ಡೇ’ ಎಂಬ ಒಂದು ತಖ್ತೆ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಏಳುವ ಹೊತ್ತು, ಶಾಲೆಗೆ ಹೋಗುವ ಹೊತ್ತು, ಅಪ್ಪ ಕೆಲಸಕ್ಕೆ ಹೋಗುವ ಹೊತ್ತು, ಊಟದ ಹೊತ್ತು. ಮೊದಲ ವಾರ ಶಿಲ್ಪಾ ತಾನೇ ಬರೆದಳು. ತಿರುಗಿ ಬಂದ ತಖ್ತೆಯಲ್ಲಿ ಎಲ್ಲ ಕಾಲಮ್ಮೂ ಸರಿ, ಅಪ್ಪನ ಕಾಲಮ್ಮಿಗೆ ಮಾತ್ರ ಉದ್ದಕ್ಕೂ ಕೆಂಪು ಸೊನ್ನೆ. ಸೋಮವಾರ ಐದೂವರೆ, ಮಂಗಳವಾರ ಆರೂವರೆ, ಬುಧವಾರ ಏಳು, ಗುರುವಾರ ಎಂಟು, ಶುಕ್ರವಾರ ಒಂಬತ್ತು. ಕೆಳಗೆ ಟೀಚರರ ಷರಾ: ‘ಗಡಿಯಾರವನ್ನು ಗಮನವಿಟ್ಟು ನೋಡು.’

“ಇದೇನೇ ಇದು? ನಿನ್ನ ಅಪ್ಪ ದಿನಕ್ಕೊಂದು ಹೊತ್ತಿಗೆ ಹೋಗ್ತಾನಾ?”

“ಹೌದು ಅಜ್ಜಿ.”

“ಶುಕ್ರವಾರ ಒಂಬತ್ತಕ್ಕಾ?”

“ಹೌದು. ನಾ ಯೂನಿಫಾರ್ಮ್ ಹಾಕ್ಕಂಡೇ ಟಾಟಾ ಮಾಡ್ದೆ.”

ಈಗ ಬರೆಯಲು ನಾಚಿಕೆ. ಆ ಕ್ಷಣ ನನ್ನ ತಲೆಯಲ್ಲಿ ಒಂದು ಕಥೆ ಸಿದ್ಧವಾಗಿಬಿಟ್ಟಿತು. ಪಾಪ, ಗಣಪತಿ ಸೋಮವಾರ ಉತ್ಸಾಹದಿಂದ ಏಳುತ್ತಾನೆ, ವಾರ ಏರಿದಂತೆ ಸೋಮಾರಿತನವೂ ಏರುತ್ತದೆ, ಬಹುಶಃ ಸಂಜೆಯ ಗ್ಲಾಸೂ ಏರುತ್ತದೆ. ಕುಡಿತವನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ; ಆದರೆ ಕಾಲಮ್ ತುಂಬಬೇಕಿತ್ತಲ್ಲ. ಮಗುವಿನ ಮುಂದೆ ಅಪ್ಪನನ್ನು ಹಳಿಯಬಾರದು ಎಂಬ ಘನ ಸಂಸ್ಕಾರದಿಂದ ನಾನು ಇಷ್ಟೇ ಹೇಳಿದೆ, “ನೋಡು ಮಗಾ, ಕೆಲಸಕ್ಕೆ ಹೋಗುವವರು ಒಂದೇ ಹೊತ್ತಿಗೆ ಹೋಗಬೇಕು. ಈ ವಾರ ಐದೂ ದಿನ ಆರು ಗಂಟೆ ಅಂತ ಬರಿ. ನೀಟಾಗಿ ಬರಿ.”

“ಈ ವಾರ ಅಪ್ಪ ನಾ ಶಾಲೆಗೆ ಹೋದ್ಮೇಲೇ ಹೋಗೂದು. ಆರಂದ್ರೆ ಸುಳ್ಳಲ್ದಾ ಅಜ್ಜಿ?”

“ಸುಳ್ಳಲ್ಲ. ಅದು ರೂಲು.”

ಹುಡುಗಿ ನನ್ನ ಮುಖವನ್ನೇ ಒಂದಷ್ಟು ಹೊತ್ತು ನೋಡಿ, ಆರು, ಆರು, ಆರು, ಆರು, ಆರು ಎಂದು ಬರೆದಳು. ತಖ್ತೆ ಐದು ಬಂಗಾರದ ಸ್ಟಾರ್ ಅಂಟಿಸಿಕೊಂಡು ಮನೆಗೆ ಬಂತು. ನಾನೇ ಗಳಿಸಿದಷ್ಟು ಹೆಮ್ಮೆಯಾಯಿತು. ನಾನೇ ಗಳಿಸಿದ್ದು ಅನ್ನುವುದೂ ನಿಜ ಅನ್ನಿ.

ಮಕ್ಕಳು ಕಲಿಯುವುದಿಲ್ಲ ಎಂದು ಯಾರು ಹೇಳಿದರು? ಕಲಿಯುತ್ತಾರೆ, ನಾವು ಏನು ಕಲಿಸಿದೆವೋ ಅದನ್ನೇ ಚಾಚೂ ತಪ್ಪದೆ. ಮೂರನೇ ವಾರದ ಸೋಮವಾರ ಕ್ಲಾಸಿನಲ್ಲಿ ಓರಲ್ ಟೆಸ್ಟು. ಟೀಚರು ರಟ್ಟಿನ ಗಡಿಯಾರದ ಮುಳ್ಳು ತಿರುಗಿಸಿ ಒಬ್ಬೊಬ್ಬರನ್ನೇ ಕೇಳಿದರು. ನಮ್ಮ ಶಿಲ್ಪಾ ಎಂಟು ಗಂಟೆಗೆ ‘ಸಿಕ್ಸ್ ಓ ಕ್ಲಾಕ್’ ಎಂದಳು. ಮೂರೂವರೆಗೆ ‘ಸಿಕ್ಸ್ ಓ ಕ್ಲಾಕ್’. ಹನ್ನೆರಡಕ್ಕೂ ‘ಸಿಕ್ಸ್ ಓ ಕ್ಲಾಕ್’. ಗಡಿಯಾರದಲ್ಲಿ ಕಾಣುವುದು ಬೇರೆ, ಸ್ಟಾರ್ ಸಿಗುವ ಉತ್ತರ ಬೇರೆ ಎಂಬುದು ಅವಳಿಗೆ ಮನವರಿಕೆಯಾಗಿತ್ತು. ಮಂಗಳವಾರ ಡೈರಿಯಲ್ಲಿ ಚೀಟಿ ಬಂತು: ಸಮಯದ ಗೋಲ್ ನಾಟ್ ಅಚೀವ್ಡ್, ಬುನಾದಿ ಗಟ್ಟಿಯಿಲ್ಲ, ದೀಪಾವಳಿ ರಜೆಯ ನಂತರ ಮಗುವನ್ನು ಫಸ್ಟ್ ಸ್ಟ್ಯಾಂಡರ್ಡಿನಲ್ಲಿ ಕೂರಿಸುವ ಬಗ್ಗೆ ಮಾತಾಡಲು ಪಾಲಕರು ಬರಬೇಕು.

ಚೀಟಿಯನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಸುಜಾತಾ ಬುಟ್ಟಿ ಇಳಿಸುವುದನ್ನೇ ಮರೆತು ನಿಂತಳು. ಶಿಲ್ಪಾ ಜಗಲಿಯ ಕಂಬ ಹಿಡಿದುಕೊಂಡು, “ತಂಗಿ ಬೆಂಚಲ್ಲಿ ಕೂರೂದಾ? ನಾ ಸಾಲೆಗೇ ಹೋಗೂದಿಲ್ಲ. ಬಲೆ ಹೊಲೀತೆ, ಅಪ್ಪನ ಸಂಗ್ತಿಗೆ ಹೋಗ್ತೆ” ಎಂದವಳು ಕಣ್ಣು ಬಾಯಿ ಒಂದು ಮಾಡಿ ಅತ್ತಳು. ತಂಗಿ ಎಂಬ ಪ್ರಾಣಿಯ ಪಕ್ಕ, ಅದೇ ಬೆಂಚಿನಲ್ಲಿ, ಅದೇ ಪುಸ್ತಕ ಹಿಡಿದು ಕೂರುವುದು ಎಂಥ ಅವಮಾನ ಎಂಬುದು ಅಕ್ಕಂದಿರಿಗೆ ಮಾತ್ರ ಗೊತ್ತು. ನಾನೂ ಒಬ್ಬ ಅಕ್ಕ.

ನಾನು ಸಿಟ್ಟನ್ನು ಎಲ್ಲಿಯಾದರೂ ಇಳಿಸಬೇಕಲ್ಲ, ಸುಜಾತಳ ಮೇಲೆ ಇಳಿಸಿದೆ. “ನಿನ್ನ ಗಂಡ ಒಂದೇ ಹೊತ್ತಿಗೆ ಹೋಗಿದ್ದರೆ ಇಷ್ಟೆಲ್ಲ ಆಗ್ತಿತ್ತಾ?”

ಸುಜಾತಾ ಅಳುವುದೋ ನಗುವುದೋ ತಿಳಿಯದ ಹಾಗೆ ನನ್ನನ್ನು ನೋಡಿದಳು. “ಬಾಯಿಯೋರೆ, ಒಂದೇ ಹೊತ್ತಿಗೆ ಹೋಗೂಕೆ ಅವ್ರೇನ್ ಪೋಸ್ಟಲ್ಲಿ ಕೆಲ್ಸ ಮಾಡ್ತ್ರಾ? ಅಳಿವೇಲಿ ಮರಳು ಬಿದ್ದದೆ. ನೀರು ಏರ್ದೇ ದೋಣಿ ದಾಟೂದು ಹ್ಯಾಂಗೆ? ಭರತಿ ಇವತ್ತು ಬಂದ ಹೊತ್ತಿಗೆ ನಾಳೆ ಬತ್ತದ್ಯಾ? ದಿನಾ ಮುಕ್ಕಾಲು ತಾಸು, ಚೂರು ಹೆಚ್ಚೇ, ಹಿಂದ್ ಬೀಳ್ತದೆ. ಹದಿನೈದು ದಿನಕ್ಕೆ ಮತ್ತೆ ಅಲ್ಲಿಗೇ. ಅವ್ರು ಹೋದ್ ಹೊತ್ತಿಗೆ ತಕ್ಕ ಬರೂದು, ಬಂದ್ ಹೊತ್ತಿಗೆ ತಕ್ಕ ನಾ ಬುಟ್ಟಿ ಎತ್ತೂದು.” ಆಮೇಲೆ ಬಹಳ ಮೆಲ್ಲಗೆ ಕೇಳಿದಳು, “ನೀವು ಇದೇ ಸಮುದ್ರದ್ ಬದೀಗೆ ಹುಟ್ಟಿದವ್ರಲ್ದಾ?”

ಹೌದು, ಇದೇ ಸಮುದ್ರದ ಬದಿಗೆ ಹುಟ್ಟಿದವಳೇ. ಸಮುದ್ರವನ್ನು ನಾನು ನೋಡಿಲ್ಲವೆಂದರೆ ಯಾರೂ ನಂಬರು. ಲಕ್ಷಣವಾಗಿ ಕುರ್ಚಿ ಹಾಕಿಕೊಂಡು ನೋಡಿದ್ದೇನೆ; ಅತಿಥಿಗಳು ಬಂದರೆ ಸನ್‌ಸೆಟ್ ತೋರಿಸಿದ್ದೇನೆ; ಶಾಲೆಯಲ್ಲಿದ್ದಾಗ ಅದರ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಬಹುಮಾನ ಗಿಟ್ಟಿಸಿದ್ದೇನೆ. ಉಬ್ಬರವಿಳಿತಕ್ಕೆ ಚಂದ್ರ ಕಾರಣ ಎಂಬ ಉತ್ತರ ಕಂಠಪಾಠವಾಗಿತ್ತು, ಈಗಲೂ ಇದೆ. ಆದರೆ ಆ ಚಂದ್ರನ ದೆಸೆಯಿಂದ ನಮ್ಮ ಕೇರಿಯ ಒಬ್ಬ ಮನುಷ್ಯ ಸೋಮವಾರ ಐದೂವರೆಗೆ, ಶುಕ್ರವಾರ ಒಂಬತ್ತಕ್ಕೆ ಮನೆ ಬಿಡುತ್ತಾನೆ ಎಂಬುದು ತಲೆಗೇ ಹೋಗಿರಲಿಲ್ಲ. ಹೋಗಲಿ, ಹತ್ತು ವರ್ಷ ಹತ್ತು ದಿಕ್ಕಿನ ಹೊತ್ತಿಗೆ ಮೀನು ಕೊಂಡಾಗಲಾದರೂ ಒಮ್ಮೆ ಯಾಕೆಂದು ಕೇಳಬಹುದಿತ್ತು. ಕೇಳುವ ಬದಲು ಬೈದೆ. ಬೈಗುಳಕ್ಕೊಂದು ಅನುಕೂಲವಿದೆ, ಉತ್ತರಕ್ಕಾಗಿ ಕಾಯಬೇಕಿಲ್ಲ.

ಮರುದಿನ ಬುಧವಾರ ಮೂವರೂ ಶಾಲೆಗೆ ಹೋದೆವು. ಎರಡನೇ ಇಯತ್ತೆಯ ವೀಣಾ ಟೀಚರು ಇಪ್ಪತ್ತೈದರ ಹುಡುಗಿ, ಅಂಕೋಲೆ ಕಡೆಯ ಬೆಳಂಬಾರದಿಂದ ದಿನಾ ಬಸ್ಸಿನಲ್ಲಿ ಬರುವವಳು. ನಾನು ಮೊದಲ ವಾರದ ತಖ್ತೆಯನ್ನು ಅವಳ ಮುಂದೆ ಹರಡಿ, ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡೆ. ಆ ಐದು ಸ್ಟಾರ್ ನನ್ನವು, ಆ ಐದು ಕೆಂಪು ಸೊನ್ನೆ ಮಾತ್ರ ಮಗುವಿನವು ಎಂದೆ. ಟೀಚರಿಗೆ ನನ್ನ ಇಂಗ್ಲಿಷ್ ಹಿಡಿಸಲಿಲ್ಲ ಅಂತ ಕಾಣುತ್ತದೆ, ಕನ್ನಡದಲ್ಲೇ ಗಂಟುಮುಖ ಹಾಕಿ ಹೇಳಿದಳು, “ಮೇಡಂ, ಗೋಲಲ್ಲಿ ರೆಗ್ಯುಲರ್ ಟೈಮ್ ಅಂತ ಅದೆ. ನಂಗೆ ಬಂದ ಆನ್ಸರ್ ಶೀಟಲ್ಲೂ ಹಂಗೇ ಅದೆ.” ಆಮೇಲೆ ತಖ್ತೆಯ ಮೇಲೆ ಬೆರಳಾಡಿಸುತ್ತ ಹೋದವಳು ಗುರುವಾರದ ಹತ್ತಿರ ನಿಂತಳು. “ಶಿಲ್ಪಾ, ಇವತ್ತು ಅಪ್ಪ ಎಷ್ಟಕ್ಕೆ ಹೋದ್ರು?”

“ಏಳಕ್ಕೆ ಮಿಸ್.”

“ನಾಳೆ?”

ಶಿಲ್ಪಾ ತಲೆಯೆತ್ತಿ ಸೂರು ನೋಡಿದಳು, ತುಟಿಯಲ್ಲೇ ಏನೋ ಕೂಡಿದಳು. “ಎಂಟಕ್ಕೆ ಚೂರು ಕಮ್ಮಿ.”

“ನಾಡಿದ್ದು?”

“ಒಂಬತ್ತಕ್ಕೆ... ಕಾಲು ತಾಸು ಕಮ್ಮಿ. ಆಗ ನಂಗೆ ಟಾಟಾ ಮಾಡೂಕೆ ಸಿಗ್ತ್ರು.”

ವೀಣಾ ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯ, ನಮ್ಮಪ್ಪ ಹೊಳೆ ಬದಿ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಬಾರ್ದು ಹೇಳಿ ಕಟ್ಟಿನ ಬಾಗಿಲು ಹಾಕೂದೂ ಹಿಂಗೇ ಮೇಡಂ, ದಿನಾ ಬೇರೆ ಬೇರೆ ಹೊತ್ತಿಗೆ! ಅವ್ವ ಚಾ ಮಾಡಿಟ್ಕಂಡು ಬಯ್ಕಂತೇ ಇರ್ತದೆ.” ಒಂದು ಕ್ಷಣ ನಾವಿಬ್ಬರೂ ಪರಸ್ಪರ ಮುಖ ನೋಡಲಿಲ್ಲ. ಎರಡು ತಲೆಮಾರಿನ ವಿದ್ಯಾವಂತ ಹೆಂಗಸರು, ಇಬ್ಬರೂ ಕಡಲ ಮಕ್ಕಳು.

ಆದರೂ ಟೀಚರಿಗೆ ಟೆಸ್ಟು ಮುಗಿಸಲೇಬೇಕಲ್ಲ. ರಟ್ಟಿನ ಗಡಿಯಾರ ತಂದು ಮುಳ್ಳುಗಳನ್ನು ಮೂರೂವರೆಗೆ ಇಟ್ಟಳು. ಶಿಲ್ಪಾ ಅದನ್ನು ನೋಡಲೇ ಇಲ್ಲ; ನನ್ನತ್ತ ನೋಡಿದಳು. ಅವಳು ಕೇಳುತ್ತಿದ್ದದ್ದು ಗಂಟೆ ಎಷ್ಟೆಂದಲ್ಲ, ಯಾವ ಉತ್ತರ ಕೊಡಲಿ ಎಂದು. ಪರೀಕ್ಷೆ ಅವಳದಾದರೂ ಬೆವರು ನನಗೆ ಬಂತು. “ನನ್ನ ನೋಡಬೇಡ ಮಗಾ,” ಎಂದೆ, “ಅಜ್ಜಿ ಹೇಳಿಕೊಟ್ಟಿದ್ದು ತಪ್ಪು. ನಿಂಗೆ ಎಂಥ ಕಾಣ್ತದೋ ಅದನ್ನೇ ಹೇಳು.” ಅವಳು ಗಡಿಯಾರದ ಕಡೆ ತಿರುಗಿದಳು. “ಹಾಫ್ ಪಾಸ್ಟ್ ಥ್ರೀ.” ಟೀಚರು ಮುಳ್ಳು ತಿರುಗಿಸಿದಳು. “ಟೆನ್ ಓ ಕ್ಲಾಕ್.” ಮತ್ತೆ ತಿರುಗಿಸಿದಳು. ಆರನೆಯ ಸಲಕ್ಕೆ ಸುಜಾತಾ ನನ್ನ ಕೈಯನ್ನು ಮೀನು ಹಿಡಿದ ಹಾಗೆ ಹಿಡಿದುಕೊಂಡಿದ್ದಳು. ಫಸ್ಟ್ ಸ್ಟ್ಯಾಂಡರ್ಡಿನ ಮಾತು ಅಲ್ಲಿಗೆ ಮುಗಿಯಿತು. ಟೀಚರು ‘ಅಚೀವ್ಡ್’ ಚೌಕಕ್ಕೆ ರೈಟ್ ಹಾಕಿ, ಹಳೆಯ ಕೆಂಪು ಸೊನ್ನೆಗಳ ಪಕ್ಕ ‘ಸಾರಿ’ ಎಂದು ಸಣ್ಣಕ್ಷರದಲ್ಲಿ ಬರೆದಳು. ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ನಮ್ಮ ಸಿಸ್ಟರ್‌ಗಳು ನಮಗೆ ಬಹಳ ಕಲಿಸಿದರು, ಆದರೆ ಆ ಪದವನ್ನು ಬರೆಯುವ ಕೆಲಸ ಯಾವಾಗಲೂ ನಮ್ಮದಾಗಿತ್ತು.

ದಾರಿಯಲ್ಲಿ ಶಿಲ್ಪಾ ಹಗುರಾಗಿ ಕುಣಿಯುತ್ತ ನನ್ನನ್ನು ಕೇಳಿದಳು, “ಅಜ್ಜಿ, ನಿಮ್ಗೆ ಭರತಿ ನೋಡೂಕೆ ಬತ್ತದ್ಯಾ?” ಬರುವುದಿಲ್ಲ ಎಂದೆ. “ಹಂಗಾರೆ ನೋಡಿ ಬರೀರಿ. ಒಂದ್ ವಾರ. ದಕ್ಕೆ ಮೆಟ್ಲಿಗೆ ನೀರು ತಾಗೂದು ಎಷ್ಟೊತ್ತಿಗೆ ಹೇಳಿ.” ಗೆರೆ ಎಳೆದ ಒಂದು ಹಾಳೆಯನ್ನೂ ಕೊಟ್ಟಳು.

ನಾನು ಹೋದೆ. ಕೊಡೆ ಊರಿಕೊಂಡು, ಮೊಣಕಾಲಿಗೆ ಬಾಮ್ ಹಚ್ಚಿಕೊಂಡು, ನಾಲ್ಕು ದಿನ ದೋಣಿ ಕಟ್ಟುವ ಕೋಡಿಬಾಗದ ದಕ್ಕೆಯ ಮೇಲೆ ನಿಂತು, ನೀರು ಒಂದೊಂದೇ ಮೆಟ್ಟಿಲು ಏರುವುದನ್ನು ವಾಚು ಹಿಡಿದು ಬರೆದೆ. ಎಷ್ಟು ಚಂದದ ಕೆಲಸ! ನೀರು ಬೆಲ್ ಹೊಡೆಯುವುದಿಲ್ಲ. ಆದರೆ ತಪ್ಪುವುದೂ ಇಲ್ಲ. ಐದನೆಯ ದಿನ ಮಾತ್ರ ಮೊಣಕಾಲು ಒಪ್ಪಲಿಲ್ಲ. ಮನೆಯಲ್ಲೇ ಕೂತು, ಹಿಂದಿನ ದಿನದ ಹೊತ್ತಿಗೆ ಐವತ್ತು ಮಿನಿಟು ಕೂಡಿ, ಅಂದವಾದ ಅಕ್ಷರದಲ್ಲಿ ತುಂಬಿಸಿದೆ.

ಸಂಜೆ ಶಿಲ್ಪಾ ಹಾಳೆ ಪರಿಶೀಲಿಸಿದಳು. ನಾಲ್ಕಕ್ಕೆ ರೈಟ್ ಬಿತ್ತು. ಐದನೆಯದಕ್ಕೆ ಕೆಂಪು ಸೊನ್ನೆ.

“ಯಾಕೆ? ತಪ್ಪಾ?” ಎಂದು ಕೇಳಿದೆ.

“ಹೊತ್ತು ಸಮಾ ಅದೆ ಅಜ್ಜಿ,” ಎಂದಳು ಬಹಳ ಕನಿಕರದಿಂದ. “ನಾ ಅಲ್ಲೇ ಇದ್ದೆ. ನೀವ್ ಬರ್ಲೇ ಇಲ್ಲ.”

ನಾಳೆ ಮತ್ತೆ ಹೋಗಬೇಕು. ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಬಲ್ಲೆ. ಆದರೆ ಸ್ವಲ್ಪ ಮುಂಚೆಯೇ ಹೋಗಿ ನಿಲ್ಲುತ್ತೇನೆ.