ಡಾಂಬರು ನುಂಗಿದ ಮೆಟ್ಟಿಲುಗಳು

ಮೊನ್ನೆ ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಕಿಟಕಿಯಿಂದ ಬಿಸಿ ಡಾಂಬರಿನ ವಾಸನೆ ನುಗ್ಗಿತು. ಸಂಜಯನಗರದ ನಮ್ಮ ಅಡ್ಡರಸ್ತೆಗೆ ಆ ವಾಸನೆ ಬಂತೆಂದರೆ ಚುನಾವಣೆ ಹತ್ತಿರವಾಯಿತೆಂದೇ ಲೆಕ್ಕ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದರೂ ನನಗೆ ಗೊತ್ತಾಗಲಿಲ್ಲ. ಎದುರುಮನೆ ಅಜ್ಜಿ ನೆನಪಾಗಿಬಿಟ್ಟಿದ್ದರು...

ಅಜ್ಜಿಯದು ಇಲ್ಲಿನ ಹಳೇ ಊರಿನ ಒಕ್ಕಲು ಮನೆತನ. ನಮ್ಮ ಮನೆ ನಿಂತಿರುವ ಜಾಗವೂ ಒಂದು ಕಾಲಕ್ಕೆ ಅವರ ರಾಗಿ ಹೊಲ. ಈ ವಿಷಯವನ್ನು ಅವರು ನಮ್ಮಪ್ಪನಿಗೆ ಆಗಾಗ ಜ್ಞಾಪಿಸುತ್ತಲೇ ಇದ್ದರು. ಮಗ ಬಿಲ್ಡರ್ ಆಗಿ ಅಕ್ಕಪಕ್ಕದಲ್ಲೆಲ್ಲ ಮಹಡಿ ಮೇಲೆ ಮಹಡಿ ಎಬ್ಬಿಸಿದ್ದರೂ ಜಗಲಿಯಿದ್ದ ಆ ಹಳೆಯ ಕಲ್ಲುಮನೆಯನ್ನು ಮಾತ್ರ ಅಜ್ಜಿ ಮುಟ್ಟಗೊಡಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳೆಲ್ಲ ಅದರಲ್ಲೇ ಇರಬೇಕಿತ್ತು.

ಆ ಮನೆಗೆ ಹಿಂದೆ ಬೀದಿಯಿಂದ ಮೆಟ್ಟಿಲು ಹತ್ತಿ ಹೋಗಬೇಕಿತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಕಣ್ಣಾರೆ ಕಂಡದ್ದು ಕೊನೆಯದೊಂದನ್ನೇ. ಬಂದ ಶಾಸಕರೆಲ್ಲ ಹಳೆಯ ಡಾಂಬರಿನ ಮೇಲೇ ಹೊಸ ಡಾಂಬರು ಸುರಿಸಿದ್ದರಿಂದ ರಸ್ತೆ ಮೇಲೇರುತ್ತಾ ಹೋಯಿತು, ಮೆಟ್ಟಿಲುಗಳು ಒಂದೊಂದಾಗಿ ನೆಲ ಸೇರಿದವು. ಹಾಗಾಗಿ ಯಾವ ಶಾಸಕ ಏನು ಸಾಧಿಸಿದ ಎಂದು ತಿಳಿಯಲು ಅಜ್ಜಿಗೆ ಪೇಪರ್ ಬೇಕಾಗಿರಲಿಲ್ಲ. “ಪೆನ್ಷನ್ ಕೊಡ್ಸಿದ್ನಲ್ಲ, ಅವ್ನು ಒಳ್ಳೇವ್ನು ಕಣವ್ವ, ಒಂದೇ ಮೆಟ್ಲು ನುಂಗ್ದ. ಅವ್ನಾದ್ಮೇಲೆ ಬಂದ ನೋಡು, ಒಂದೂವರೆ!” ಎನ್ನುತ್ತಿದ್ದರು.

ಮಳೆ ಬಂದರೆ ಬೀದಿಯ ನೀರು ಅವರ ಹೊಸ್ತಿಲವರೆಗೂ ಬಂದು ಇಣುಕುತ್ತಿತ್ತು. ಆದರೆ ಅಜ್ಜಿಯ ಸಂಕಟ ನೀರಿನದಲ್ಲ. “ಈ ಮೆಟ್ಲು ಅತ್ಕೊಂಡು ಸೊಸೆಯಾಗಿ ಒಳೀಕ್ ಬಂದೋಳು ನಾನು. ಓಗೋವಾಗ ಇಳಿಸ್ಕೊಂಡು ಓಗ್ಬೇಕು. ಬಾವಿಗೆ ಬಿದ್ದೋಳ್ನ ಎತ್ತೋ ಅಂಗೆ ನನ್ನ ಮ್ಯಾಕೆತ್ಬಾರ್ದು” ಎಂದು ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಹೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಅವರಿಗೆ ದೊಡ್ಡ ವೈರಿ ಎಂದರೆ ನಮ್ಮಪ್ಪ. ಬೀದಿಯ ನಿವಾಸಿಗಳ ಸಂಘಕ್ಕೆ ಅಪ್ಪ ಅಧ್ಯಕ್ಷರು. ರಸ್ತೆ ಕನ್ನಡಿಯ ಹಾಗೆ ಹೊಳೆಯಬೇಕು ಎನ್ನುವುದೊಂದೇ ಅವರ ಬಾಳಿನ ಆಸೆ. ಶಾಸಕರ ಕಚೇರಿಗೆ ಅಲೆದೂ ಅಲೆದೂ ಕಡೆಗೆ ಹೊಸ ಡಾಂಬರು ಮಂಜೂರು ಮಾಡಿಸಿಕೊಂಡು ಬಂದರು. ಅಜ್ಜಿ ತಕರಾರು ತೆಗೆದದ್ದಕ್ಕೆ, “ಊರಿಗೆಲ್ಲ ಒಂದು ದಾರಿಯಾದ್ರೆ ಈ ಯಮ್ಮಂಗೇ ಒಂದು ದಾರಿ” ಎಂದು ಮನೆಯಲ್ಲಿ ಹಾರಾಡಿದರು.

ಗುದ್ದಲಿ ಪೂಜೆಯ ದಿನ ಬಂತು. ಶಾಮಿಯಾನ, ಹೂ ಸುತ್ತಿದ ಗುದ್ದಲಿ, ಶಾಸಕರಿಗೆ ಮೈಸೂರು ಪೇಟ, ಎಲ್ಲ ಸಿದ್ಧವಾಗಿತ್ತು. ಪೂಜೆಗೆ ಮೊದಲು ಬೀದಿಯ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆ ರಾಜಕಾರಣಿಗಳ ಪದ್ಧತಿ. ಶಾಸಕರು ನೇರ ಅಜ್ಜಿಯ ಬಳಿ ಬಂದರು. ಹುಡುಗನಾಗಿ ಇನ್ಯಾರದೋ ಬಾವುಟ ಹೊತ್ತು ತಿರುಗುತ್ತಿದ್ದ ಕಾಲದಲ್ಲಿ ಅವರು ಅದೇ ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು ಅಜ್ಜಿಯ ಕೈಯಿಂದ ಮುದ್ದೆ ಉಂಡವರಂತೆ.

“ಬಾರಪ್ಪ, ಅವತ್ತು ಕೂತಂಗೇ ಕೂತ್ಕೊ” ಎಂದು ಅಜ್ಜಿ ಜಗಲಿ ತೋರಿಸಿದರು. ಫೋಟೋದವರು ಇದ್ದರು, ಶಾಸಕರು ಕೂತರು. ಆದರೆ ಅಂದಿನಿಂದ ಇಂದಿಗೆ ಅವರು ಅಗಲಕ್ಕೆ ಬೆಳೆದಿದ್ದರು, ರಸ್ತೆ ಎತ್ತರಕ್ಕೆ ಬೆಳೆದಿತ್ತು. ಮೊಣಕಾಲು ಎದೆಗೆ ಬಂತು, ಹಾರ ಮೂಗಿಗೆ ಬಂತು. ಅಜ್ಜಿ ಮಜ್ಜಿಗೆ ಕೊಟ್ಟು ನಿಧಾನವಾಗಿ ಮನೆಮಂದಿಯ ಕ್ಷೇಮ ವಿಚಾರಿಸಿದರು. ಕೊನೆಗೆ ಏಳಲು ಹೋದರೆ ಶಾಸಕರಿಗೆ ಏಳಲಾಗಲಿಲ್ಲ! ಒಂದು ಕೈಯನ್ನು ಗನ್‌ಮ್ಯಾನ್, ಇನ್ನೊಂದನ್ನು ನಮ್ಮಪ್ಪ ಹಿಡಿದೆಳೆದರು. ಶಾಸಕರು ಎದ್ದರು, ಪೇಟ ಜಗಲಿಯಲ್ಲೇ ಉಳಿಯಿತು.

“ನೋಡ್ದೇನಪ್ಪ, ಬದುಕಿರೋ ನಿನ್ನ ಎಬ್ಸಕ್ಕೇ ಇಬ್ರು ಬೇಕಾಯ್ತು. ಸತ್ತಾಗ ನನ್ನ ಎಷ್ಟು ಜನ ಎತ್ಬೇಕೋ! ಒಸಾ ಟಾರ್ ಆಕೋ ಮುಂಚೆ ಅಳೇದನ್ನ ಕೆರೆಸು” ಎಂದರು ಅಜ್ಜಿ. ಶಾಸಕರ ಮುಖ ಕೆಂಪಾಯಿತು. ಪೇಟ ಕೊಡವಿಕೊಂಡು, “ಅಜ್ಜಿ ಮನೆ ಮುಂದಿನ ಟಾರ್ ಕೆರೆದು ಆಮೇಲೆ ಕೆಲಸ ಶುರು ಮಾಡ್ರಿ” ಎಂದು ಇಂಜಿನಿಯರಿಗೆ ಅಪ್ಪಣೆ ಕೊಟ್ಟು ಹೊರಟರು.

ಅಪ್ಪಣೆ ಚಾಚೂ ತಪ್ಪದೆ ಪಾಲನೆಯಾಯಿತು. ಜೆಸಿಬಿ ಬಂದು ಅಜ್ಜಿ ಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಮಾತ್ರ ಅಗೆದು ಹೊರಟುಹೋಯಿತು. ಮೆಟ್ಟಿಲುಗಳೇನೋ ಹೊರಬಂದವು. ಅಜ್ಜಿ ಒಂದೊಂದನ್ನೂ, “ಇದು ಪೆನ್ಷನ್ನೋನು ನುಂಗಿದ್ದು, ಇದು ಆ ಕುಡುಕ ನುಂಗಿದ್ದು” ಎಂದು ಗುರುತು ಹಿಡಿದು ತೊಳೆದು ಅರಿಶಿನ ಕುಂಕುಮ ಇಟ್ಟರು. ಮೇಲೆ ಶಾಸಕರ ಫ್ಲೆಕ್ಸ್ ಬಂತು: ಅಜ್ಜಿಗೆ ಮೆಟ್ಟಿಲು ಮರಳಿಸಿದ ಜನನಾಯಕ. ಮಾರನೆಯ ವಾರ ಮಳೆ ಸುರಿದು ಇಡೀ ಬೀದಿಯ ನೀರು ಆ ಗುಂಡಿಯಲ್ಲಿ ನಿಂತಿತು. ಅಜ್ಜಿ ಜಗಲಿಯ ಮೇಲೆ ಕೂತು ತಮ್ಮ ಸ್ವಂತ ಕೆರೆಯನ್ನು ನೋಡುತ್ತಾ ಗೊಣಗಿದರು, “ಇಳಿಸಿ ಮತ್ತೆ ಮ್ಯಾಕೆತ್ತೋದಾ? ಇದ್ಯಾವ ನ್ಯಾಯ?”

ಗುಂಡಿಗೆ ಮೊದಲು ಒಂದು ಸ್ಕೂಟರ್ ಬಿತ್ತು. ಆಮೇಲೆ ಸಾಕ್ಷಾತ್ ಸಂಘದ ಅಧ್ಯಕ್ಷರೇ ಬಿದ್ದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ಅಪ್ಪನ ಮೀಸೆಗೂ ಕೆಸರು ಮೆತ್ತಿತ್ತು. “ರಾಗಿ ಒಲ ಆಗಿದ್ದಾಗ ಇಲ್ಲಿ ಯಾರೂ ಇಂಗ್ ಬಿದ್ದಿರ್ಲಿಲ್ಲ ಕಣಪ್ಪ” ಎಂದು ಅಜ್ಜಿ ಸಮಾಧಾನ ಹೇಳಿದರು. ಮರುದಿನವೇ ಅಪ್ಪ ಬೀದಿಯವರನ್ನೆಲ್ಲ ಕಟ್ಟಿಕೊಂಡು ಶಾಸಕರ ಕಚೇರಿಗೆ ದಂಡೆತ್ತಿ ಹೋದರು. ಗುಂಡಿ ಮುಚ್ಚಿಸಿದರೆ ಮೆಟ್ಟಿಲು ಮತ್ತೆ ಮುಳುಗಿ ಫ್ಲೆಕ್ಸ್ ಸುಳ್ಳಾಗುತ್ತದೆ. ಗುಂಡಿ ಹಾಗೇ ಬಿಟ್ಟರೆ ಓಟು ಹೋಗುತ್ತದೆ. ಶಾಸಕರಿಗೆ ಉಳಿದದ್ದು ಒಂದೇ ದಾರಿ, ಇಡೀ ಬೀದಿಯನ್ನು ಕೆರೆಸುವುದು. ಕೆರೆಸಿದರು! ಎಲ್ಲರ ಮನೆ ಮುಂದೆಯೂ ಮರೆತೇಹೋಗಿದ್ದ ಮೆಟ್ಟಿಲುಗಳು ಎದ್ದು ಬಂದವು. ನಮ್ಮ ಮನೆಗೂ ಒಂದು ಸಿಕ್ಕಿತು. ಅದರ ಮೇಲೆ ನಿಂತು ಅಪ್ಪ ಇದೆಲ್ಲ ತಾವೇ ಮಾಡಿಸಿದ್ದೆಂದು ಹೋಗಿಬರುವವರಿಗೆ ಹೇಳುತ್ತಿದ್ದರು.

ಮುಂದಿನ ಚುನಾವಣೆಯಲ್ಲಿ ಆ ಶಾಸಕರು ಸೋತರು. ರಸ್ತೆ ಎತ್ತರಿಸದವರು ಏನು ಕೆಲಸ ಮಾಡಿದಂತಾಯಿತು ಎಂದು ಜನ ಮಾತಾಡಿಕೊಂಡರು. ಅದಾದ ಮೇಲೆ ಒಂದು ಸಂಕ್ರಾಂತಿ ಕಳೆದು ಅಜ್ಜಿ ಹೋಗಿಬಿಟ್ಟರು... ಸೋತ ಶಾಸಕರು ಹಿಂಬಾಲಕರಿಲ್ಲದೆ ಒಬ್ಬರೇ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ಹೊತ್ತವರು ಮೆಟ್ಟಿಲ ಮೇಲೆ ಎಚ್ಚರದಿಂದ ಕಾಲಿಡುತ್ತಾ, ಒಂದೊಂದಾಗಿ ಇಳಿದು ಬೀದಿಗೆ ಬಂದರು. ನನಗೆ ಅಳು ತಡೆಯಲಾಗಲಿಲ್ಲ. ಅಪ್ಪನೂ ಮುಖ ತಿರುಗಿಸಿಕೊಂಡು ನಿಂತಿದ್ದರು.

ಈಗ ಆ ಮನೆಯಿಲ್ಲ. ಅಲ್ಲಿ ದೊಡ್ಡದೊಂದು ಪಿಜಿ, ಗೇಟು, ಕ್ಯಾಮೆರಾ ಇವೆ. ಮೊನ್ನೆ ಒಲೆ ಆರಿಸಿ ಬೀದಿಗೆ ಹೋಗಿ, ಹಳೆಯದನ್ನು ಕೆರೆಯದೆ ಹಾಕುತ್ತಿದ್ದೀರಲ್ಲ ಎಂದು ಇಂಜಿನಿಯರನ್ನು ಕೇಳಿದೆ. “ಅದನ್ನೆಲ್ಲ ಯಾರ್ ಕೇಳ್ತಾರೆ ಮೇಡಂ?” ಎಂದ. ಈಗಿನ ಶಾಸಕರು ಕಾರಿನಿಂದಿಳಿದು, ಗುದ್ದಲಿ ಮುಟ್ಟಿ, ಎಲ್ಲರಿಗೂ ಒಟ್ಟಿಗೇ ಕೈಮುಗಿದು ಹೊರಟರು. ಅವರನ್ನು ಕೂರಿಸಿ ಮಾತಾಡಿಸೋಣವೆಂದರೆ ಬೀದಿಯಲ್ಲಿ ಒಂದು ಜಗಲಿಯೂ ಉಳಿದಿರಲಿಲ್ಲ. ಮಧ್ಯಾಹ್ನಕ್ಕೆಲ್ಲ ರೋಲರ್ ನಮ್ಮ ಗೇಟನ್ನು ದಾಟಿತ್ತು.

ಒಳಗೆ ಬಂದೆ. ಅಪ್ಪನಿಗೆ ಈಗ ಓಡಾಡಲಾಗುವುದಿಲ್ಲ, ಕಿಟಕಿಯ ಪಕ್ಕದ ಕುರ್ಚಿಯಲ್ಲೇ ದಿನ ಕಳೆಯುತ್ತಾರೆ. “ಇವ್ನು ಎಷ್ಟು ನುಂಗ್ದ?” ಎಂದು ಕೇಳಿದರು.

“ಇದ್ದಿದ್ದು ಒಂದೇ. ಅದೂ ಹೋಯ್ತಪ್ಪ” ಎಂದೆ.

ಅಪ್ಪ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಎದುರಿನ ಕಟ್ಟಡವನ್ನು ನೋಡಿದರು. ಆಮೇಲೆ, “ಆ ಯಮ್ಮ ಇರ್ಬೇಕಾಗಿತ್ತು ಕಣೆ” ಎಂದರು.