ಬಿಗಿಹಿಡಿದ ಕಾಲು

ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಗುಲಿದರೆ ನಾವು ಬಾಯಿ ತೆರೆಯುವ ಮೊದಲೇ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ನಿಮಗೂ ಈ ಅಭ್ಯಾಸ ಇದ್ದೀತು. ಇನ್ನು ಹಿರಿಯರೇ ನಮ್ಮ ಪಾದ ಮುಟ್ಟುವ ಪ್ರಸಂಗ ಬಂದರಂತೂ, ಬುದ್ಧಿಗೆ ಎಚ್ಚರವಾಗುವುದರೊಳಗೆ ಕಾಲು ತಾನಾಗಿ ಹಿಂದೆ ಸರಿದು ಮುದುಡಿಕೊಳ್ಳುತ್ತದೆ. ಈ ವಿನಯವನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅದೇ ವಿನಯ ಒಮ್ಮೆ ನನ್ನ ಕೆಲಸಕ್ಕೇ ಕುತ್ತು ತಂದಿತ್ತು ಎಂದರೆ ನೀವು ನಗಬಹುದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಸೊರಬದವಳಾದ ನನಗೆ ಕುಬಟೂರಿನಾಚೆಯ ಸಣ್ಣ ಹಳ್ಳಿಯೊಂದರ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತ್ತು. ಕುಬಟೂರಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ದಿನವೂ ಗದ್ದೆಯ ಬದುವಿನ ಮೇಲೆ ನಡೆದು ಶಾಲೆ ಸೇರುತ್ತಿದ್ದೆ. ಒಂದು ಬೆಳಿಗ್ಗೆ ಬದುವಿನಿಂದ ಜಾರಿ ಎಡಗಾಲಿನ ಹರಡು ಹೊರಳಿತು. ಪಾದವೂ ಕಾಲೂ ಕೂಡುವ ಆ ಕೀಲು ಬೆಲ್ಲದಚ್ಚಿನಷ್ಟು ದಪ್ಪವಾಗಿ ಊದಿಕೊಂಡಿತು. ಅಪ್ಪಯ್ಯ ನನ್ನನ್ನು ಶಿಕಾರಿಪುರದ ಹಾಲಪ್ಪಜ್ಜನ ಬಳಿಗೆ ಕರೆದೊಯ್ದರು. ಎತ್ತಿನ ಕಾಲನ್ನೂ ಮನುಷ್ಯರ ಕಾಲನ್ನೂ ಒಂದೇ ಗಾಂಭೀರ್ಯದಿಂದ ನೋಡುತ್ತಿದ್ದ ನಾಟಿ ವೈದ್ಯರು ಅವರು.

ಅಜ್ಜನ ಅಳತೆಗೆ ಕೋಲೂ ಬೇಡ, ದಾರವೂ ಬೇಡ. ಅವರು ಮೊದಲು ನೋಡುತ್ತಿದ್ದುದು ನೋವಿಲ್ಲದ ಕಾಲನ್ನು. ದೇವರು ಕೊಟ್ಟ ಅಳತೆಗೋಲು ಅದೇ ಎಂಬುದು ಅವರ ನಂಬಿಕೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿ, ಹೆಬ್ಬೆರಳಿಗೂ ಗೋಡೆಗೂ ನಡುವೆ ಎಷ್ಟು ಬೆರಳು ಜಾಗವಿದೆ ಎಂದು ಎಣಿಸುವರು. ಆಮೇಲೆ ಒಂದು ಕೈಯಲ್ಲಿ ಕಣಕಾಲು, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು, ಮುಂದಕ್ಕೆಳೆದು, ಪಕ್ಕಕ್ಕೆ ವಾಲಿಸಿ, ಕೀಲು ಎಷ್ಟು ಸಡಿಲವಾಗಿದೆ ಎಂದು ನೋಡುವರು. ಇಪ್ಪತ್ತು ದಿನ ಕಟ್ಟು ಕಟ್ಟಿ ಬಿಚ್ಚಿದ ಮೇಲೆ ಅವರು ಹೀಗೆಯೇ ನೋಡಿ, “ಗಟ್ಟಿ ಆಗೈತೆ, ನಡಿ ತಾಯಿ” ಎಂದರು. ನಡೆದೆ. ಒಂದೇ ವಾರದಲ್ಲಿ ಅದೇ ಬದುವಿನಲ್ಲಿ ಅದೇ ಹರಡು ಮತ್ತೆ ಹೊರಳಿತು.

ಎರಡನೆಯ ಸಲ ಹೋದಾಗ ಅಜ್ಜ ಹಿಮ್ಮಡಿ ಹಿಡಿದವರು ಎಳೆಯುವುದನ್ನು ನಿಲ್ಲಿಸಿದರು.

“ಎತ್ತು ಸುಮ್ನೆ ಕಾಲು ಕೊಡ್ತೈತೆ, ಈ ಮೇಷ್ಟ್ರಮ್ಮ ಕೊಡಾಕಿಲ್ಲ. ಹೋದ್ಸಲನೂ ನೀನು ಹಿಂಗೇ ಬಿಗಿ ಹಿಡ್ದಿದ್ದೆ. ನಾನು ನಿನ್ನ ಭಯಭಕ್ತಿ ಅಳದು ಕಳ್ಸಿದೆ, ಹರಡು ಅಳೀಲಿಲ್ಲ. ತಪ್ಪು ನಂದೂ ಐತೆ.”

ನಾಚಿಕೆಯಿಂದ ತಲೆ ತಗ್ಗಿಸಿದೆ. ತಾತನ ವಯಸ್ಸಿನವರು ಪಾದ ಹಿಡಿದಾಗ ಸ್ನಾಯುಗಳೆಲ್ಲ ಕಲ್ಲಾಗಿ, ಒಳಗಿನ ಸಡಿಲವನ್ನು ಮುಚ್ಚಿಟ್ಟಿದ್ದವು. ಬಿಗಿಯಾಗಿರುವುದೆಲ್ಲ ಗಟ್ಟಿಯಲ್ಲ ಎಂಬುದು ಕಾಲಿಗೆ ಮಾತ್ರ ಸಲ್ಲುವ ಮಾತಲ್ಲ. ಸಂಕೋಚದಿಂದ ಸೆಟೆದುಕೊಂಡ ಎಷ್ಟೋ ಜನರನ್ನು ನಾವು ದೃಢಮನಸ್ಕರೆಂದು ಹೊಗಳಿ ಕಳಿಸಿರುತ್ತೇವೆ. ಹಲ್ಲು ಕಚ್ಚಿ ಗಟ್ಟಿಯಾಗುವುದು ನನಗೆ ಗೊತ್ತಿತ್ತು. ಹಟ ಹಿಡಿದು ಸಡಿಲವಾಗುವುದನ್ನು ಅಂದು ಕಲಿತೆ. ಉಸಿರು ಬಿಟ್ಟೆ, ಕಾಲೂ ಬಿಟ್ಟೆ.

“ಬಲಗಾಲಿಗಿಂತ ಒಂದು ಬೆರಳು ಜಾಸ್ತಿ ವಾಲ್ತೈತೆ,” ಎಂದರು ಅಜ್ಜ. “ಒಂದೂವರೆ ತಿಂಗ್ಳು ಕಟ್ಟು ಇರ್ಲಿ. ಬದು ಹತ್ತಬ್ಯಾಡ.”

“ಬದು ಹತ್ತದೇ ಇದ್ರೆ ಶಾಲೆಗೆ ಹೋಗದು ಹ್ಯಾಂಗೆ ಅಜ್ಜಾರೇ?” ಎಂದ ಅಪ್ಪಯ್ಯ ನನ್ನತ್ತ ತಿರುಗಿದರು. “ಸಾಕು ಮಗಳೇ. ರಾಜೀನಾಮೆ ಬರ್ದುಬಿಡು.”

ನಮ್ಮ ಮನೆತನದಲ್ಲಿ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ಈಗ ಬಿಟ್ಟರೆ ಮತ್ತೆ ಹೊಸ್ತಿಲು ದಾಟಿಸುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಬರೆಯೋದಿಲ್ಲ ಅಪ್ಪಯ್ಯ. ಶಾಲೆ ಪಕ್ಕದ ಮನೆಯ ಅಜ್ಜಿ ಒಬ್ಬರೇ ಇದಾರೆ, ಒಂದು ಕೋಣೆ ಕೊಡ್ತಾರೆ. ಗಾಡೀಲಿ ಹೋಗಿ ಅಲ್ಲೇ ಇರ್ತೀನಿ.”

ಮದುವೆಯಾಗದ ಹುಡುಗಿ ಪರವೂರಿನಲ್ಲಿ ಒಬ್ಬಳೇ ಇರುವ ಮಾತು. ಅಪ್ಪಯ್ಯನಿಗೆ ಎದುರಾಡಿದ್ದೂ ಅದೇ ಮೊದಲು. ಹೆದರಿಕೆಯಿದ್ದರೂ ಕಾಲನ್ನು ಅಜ್ಜನ ಕೈಯಲ್ಲೇ ಬಿಟ್ಟಿದ್ದೆ.

“ಇಷ್ಟು ಮಾತಾಡಿದ್ರೂ ಕಾಲು ಬಿಗಿ ಆಗ್ಲಿಲ್ಲ ನೋಡ್ರಿ ಯಜಮಾನ್ರೇ,” ಎಂದಷ್ಟೇ ಹೇಳಿ ಅಜ್ಜ ಕಟ್ಟು ಸುತ್ತತೊಡಗಿದರು.

ನಾನು ಏಳಲು ಹೊರಟಾಗ ಅಪ್ಪಯ್ಯ ಬಾಗಿಲಿನಿಂದ ನನ್ನ ಚಪ್ಪಲಿಗಳನ್ನು ತಾವೇ ತಂದರು. ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ದಪ್ಪ ಕಟ್ಟು ಹಿಡಿಸುವಂತೆ ಎಡ ಚಪ್ಪಲಿಯ ಪಟ್ಟಿಯನ್ನು ಸಡಿಲಿಸಿ, ನನ್ನ ಪಾದ ಹಿಡಿದು ಒಳಗೆ ತೂರಿಸಿದರು.

“ಗಾಡಿ ಯಾವತ್ತಿಗೆ ಹೇಳ್ಲಿ?”

“ಸೋಮವಾರಕ್ಕೆ,” ಎಂದೆ. ಕಾಲನ್ನು ಎಳೆದುಕೊಳ್ಳಲಿಲ್ಲ.